ಕಾಗದದ ಮೇಲೊಂದು ಗಣಕ, ಕನ್ನಡದಲ್ಲಿ ಅದರ ಆದೇಶ

ನಮ್ಮ ಲಕ್ಷ್ಮೀ ನಗರದ ಸಮೀಪದಲ್ಲೇ, ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಿದೆ. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಇಂತಹ ಸಂಸ್ಥೆಯ ನೆರೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಗಣಕ ವಿಜ್ಞಾನ ಹೊಸದಲ್ಲ. ಆದರೆ ಗಣಕಕ್ಕೆ ಇಂಗ್ಲಿಷ್ ಮಾತ್ರ ತಿಳಿಯುತ್ತದೆ ಎಂಬ ನಂಬಿಕೆ ಮನೆಯಲ್ಲಿ ಕನ್ನಡವಾಡುವ ಮಕ್ಕಳಲ್ಲೂ ಬೇರೂರಿದೆ. ಅದು ನಿಜವಲ್ಲ. ಪ್ರೊಸೆಸರಿಗೆ ಯಾವ ಭಾಷೆಯೂ ತಿಳಿಯದು; ಅದಕ್ಕೆ ಗೊತ್ತಿರುವುದು ಸಂಖ್ಯೆಗಳಷ್ಟೇ. ಇದನ್ನು ಮನಗಾಣಲು ನಾವೇ ಒಂದು ಕಾಲ್ಪನಿಕ ಪ್ರೊಸೆಸರನ್ನು ಕಟ್ಟಿ ನೋಡೋಣ.

ಈ ದಾರಿ ಹಳೆಯದು. ಡೊನಾಲ್ಡ್ ಕ್ನುತ್ ಅವರು 1968ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕಾಗಿ 'ಮಿಕ್ಸ್' ಎಂಬ ಕಾಲ್ಪನಿಕ ಗಣಕವನ್ನು ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಜಾರಾಮನ್ ಅವರು ಟಿ. ರಾಧಾಕೃಷ್ಣನ್ ಅವರೊಂದಿಗೆ ಬರೆದ ಪಠ್ಯಪುಸ್ತಕದಲ್ಲಿಯೂ 'ಸ್ಮ್ಯಾಕ್ ಪ್ಲಸ್' ಎಂಬ ಪುಟ್ಟ ಕಾಲ್ಪನಿಕ ಗಣಕದ ಮೂಲಕವೇ ಪಾಠ ಸಾಗುತ್ತದೆ.

ನಮ್ಮ ಗಣಕಕ್ಕೆ 00ರಿಂದ 99ರವರೆಗೆ ನೂರು ಮನೆಗಳ ಸ್ಮೃತಿಯಿರಲಿ. ಲೆಕ್ಕ ನಡೆಯುವ ಸ್ಥಳಕ್ಕೆ 'ಸಂಚಯಕ' ಎನ್ನೋಣ. ಮುಂದೆ ಓದಬೇಕಾದ ಮನೆಯ ಸಂಖ್ಯೆಯನ್ನು ನೆನಪಿಡಲು ಒಂದು 'ಸೂಚಿ' ಬೇಕು. ಆದೇಶಗಳು ಆರೇ: 0 ನಿಲ್ಲು, 1 ತೆಗೆ, 2 ಕೂಡು, 3 ಇಡು, 4 ಕಳೆ, 5 ಹಾರು. 'ತೆಗೆ 50' ಎಂದರೆ 50ನೇ ಮನೆಯ ಸಂಖ್ಯೆಯನ್ನು ಸಂಚಯಕಕ್ಕೆ ತರುವುದು. ಸ್ಮೃತಿಯಲ್ಲಿ ಅದು 150 ಎಂದಾಗುತ್ತದೆ. 'ಹಾರು' ಎಂಬುದು ಸಂಚಯಕದಲ್ಲಿ ಸೊನ್ನೆಯಿಲ್ಲದಿದ್ದರೆ ಮಾತ್ರ ಸೂಚಿಯನ್ನು ಹೇಳಿದ ಮನೆಗೆ ಒಯ್ಯುತ್ತದೆ.

ದಿನಕ್ಕೆ 60 ರೂಪಾಯಿಯ ಹಾಲು, 30 ದಿನ. ತಿಂಗಳ ಬಾಕಿ ಎಷ್ಟು? 50ನೇ ಮನೆಯಲ್ಲಿ 0, 51ರಲ್ಲಿ 60, 52ರಲ್ಲಿ 30, 53ರಲ್ಲಿ 1 ಇಟ್ಟು ಹೀಗೆ ಬರೆಯೋಣ:

00 ತೆಗೆ 50
01 ಕೂಡು 51
02 ಇಡು 50
03 ತೆಗೆ 52
04 ಕಳೆ 53
05 ಇಡು 52
06 ಹಾರು 00
07 ನಿಲ್ಲು

ಈ ಗಣಕಕ್ಕೆ ಗುಣಾಕಾರ ಬಾರದು. ಆದರೂ 60ನ್ನು ಮೂವತ್ತು ಬಾರಿ ಕೂಡಿ, ಒಟ್ಟು 211 ಆದೇಶಗಳನ್ನು ನಡೆಸಿ, 50ನೇ ಮನೆಯಲ್ಲಿ 1800ನ್ನು ಇಟ್ಟು ನಿಲ್ಲುತ್ತದೆ.

ಇದನ್ನು ನಡೆಸುವ ತಂತ್ರಾಂಶವೇ ಇಂಟರ್‌ಪ್ರಿಟರ್. ಅದರ ಕೆಲಸ ಮೂರೇ: ಸೂಚಿ ತೋರಿದ ಮನೆಯಿಂದ ಸಂಖ್ಯೆಯನ್ನು ತರುವುದು, ಮೊದಲ ಅಂಕಿಯಿಂದ ಆದೇಶವನ್ನು ಅರಿಯುವುದು, ಅದರಂತೆ ಮಾಡುವುದು. 'ಹಾರು' ಬಾರದಿದ್ದರೆ ಸೂಚಿ ಒಂದು ಹೆಜ್ಜೆ ಮುಂದಕ್ಕೆ ಸರಿಯುತ್ತದೆ. 'ನಿಲ್ಲು' ಬರುವವರೆಗೆ ಇದೇ ಸುತ್ತು. 1995ರಲ್ಲಿ ಪ್ರಕಟವಾದ ಜಾವಾ ಭಾಷೆಯೂ ಇಂತಹ ಕಾಲ್ಪನಿಕ ಯಂತ್ರವನ್ನೇ ನೆಚ್ಚಿದೆ. ಆದುದರಿಂದಲೇ ಒಂದೇ ಕ್ರಮವಿಧಿ ಬೇರೆ ಬೇರೆ ಗಣಕಗಳಲ್ಲಿ ನಡೆಯುತ್ತದೆ.

ಕನ್ನಡ ಪದವನ್ನು ಸಂಖ್ಯೆಗೆ ತಿರುಗಿಸಲು ಆರು ಸಾಲುಗಳ ಒಂದು ಪಟ್ಟಿ ಸಾಕು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡ ಲಿಪಿಯಿರುವುದರಿಂದ ಪೈಥಾನ್‌ನಂತಹ ಭಾಷೆಯಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಬರೆಯಬಲ್ಲನು. 'ಕೂಡು' ಎಂದರೂ 'ಆಡ್' ಎಂದರೂ ಯಂತ್ರಕ್ಕೆ ತಲುಪುವುದು 2 ಎಂಬ ಅಂಕಿಯೇ.

ಹೊರನಾಡಿನಲ್ಲಿ ಮಕ್ಕಳು ಕನ್ನಡವನ್ನು ಮಾತಿಗಷ್ಟೇ ಉಳಿಸಿಕೊಂಡು ಓದುಬರಹವನ್ನು ಮರೆಯುವುದು ನಮ್ಮೆಲ್ಲರ ಚಿಂತೆ. ಈ ಆರು ಪದಗಳನ್ನು ಕನ್ನಡದಲ್ಲಿ ಬರೆದು ಯಂತ್ರವನ್ನು ನಡೆಸಿದ ಮಗು, ತನ್ನ ನುಡಿ ಹಬ್ಬಹರಿದಿನಗಳಿಗೆ ಮಾತ್ರ ಸಲ್ಲುವುದೆಂದು ಮುಂದೆ ಭಾವಿಸಲಾರದು. ಬರುವ ರಜೆಯಲ್ಲಿ ಪೋಷಕರು ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ ಹಿಡಿದು ಮಕ್ಕಳೊಡನೆ ಇದನ್ನು ಪ್ರಯತ್ನಿಸಬೇಕೆಂದು ಕೋರುತ್ತೇವೆ.