ಸದನದ ಉತ್ತರ ಮತ್ತು ಶಾಲೆಯ ಲೆಕ್ಕ: ಪಶ್ಚಿಮ ಬೆಂಗಳೂರಿನ ಹಿನ್ನೆಲೆಯಲ್ಲಿ ಶಿಕ್ಷಕರ ತರಬೇತಿ ಹಾಗೂ ಸ್ಥಳೀಯ ಹಣಕಾಸು

ವಿಧಾನಮಂಡಲದ ಪ್ರಶ್ನೋತ್ತರಗಳು ಆಡಳಿತದ ಇತಿಹಾಸವನ್ನು ಅಧ್ಯಯನ ಮಾಡುವವರಿಗೆ ದೊರೆಯುವ ಮಹತ್ವದ ಪ್ರಾಥಮಿಕ ಆಕರಗಳಾಗಿವೆ. ಪ್ರಶ್ನೆಯ ಅ, ಆ, ಇ ಎಂಬ ಉಪಭಾಗಗಳು ಹಾಳೆಯ ಎಡಬದಿಯಲ್ಲಿಯೂ ಸಂಬಂಧಪಟ್ಟ ಸಚಿವರ ಉತ್ತರವು ಬಲಬದಿಯಲ್ಲಿಯೂ ಇರುವ ಈ ದಾಖಲೆಗಳಲ್ಲಿ ಸರ್ಕಾರವು ತನ್ನ ಕೆಲಸವನ್ನು ತಾನೇ ಎಣಿಸಿ ಸದನದ ಮುಂದಿಟ್ಟಿರುತ್ತದೆ. ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’, ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’, ‘ಉದ್ಭವಿಸುವುದಿಲ್ಲ’ ಎಂಬ ರೂಢಿಯ ಒಕ್ಕಣೆಗಳ ನಡುವೆ ಇರುವ ಅಂಕಿಗಳನ್ನು ಓದುವುದಕ್ಕೆ ಒಂದು ಕ್ರಮ ಬೇಕಾಗುತ್ತದೆ. ಶಿಕ್ಷಕರ ತರಬೇತಿಯ ಫಲಿತಾಂಶ ಮತ್ತು ಸ್ಥಳೀಯ ಸಂಸ್ಥೆಗಳ ಹಣಕಾಸು ಎಂಬ ಎರಡು ವಿಷಯಗಳಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಇವುಗಳನ್ನು ಕುರಿತ ಉತ್ತರಗಳು ಬೇರೆ ಬೇರೆ ಇಲಾಖೆಗಳಿಂದ ಬರುತ್ತವೆ. ಆದರೆ ಶಾಲೆಯ ಕೊಠಡಿಯಲ್ಲಿ ಅವು ಒಂದೇ ಪ್ರಶ್ನೆಯ ಎರಡು ಮುಖಗಳಾಗಿವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರನ್ನು ನಿದರ್ಶನವಾಗಿರಿಸಿಕೊಂಡು ಈ ಸಂಬಂಧವನ್ನು ಇಲ್ಲಿ ವಿವೇಚಿಸಲಾಗಿದೆ.

ಪ್ರಶ್ನೆ ಕೇಳುವವರು

ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಮೌಖಿಕ ಉತ್ತರ ದೊರೆಯುತ್ತದೆ ಹಾಗೂ ಅದರ ಮೇಲೆ ಉಪಪ್ರಶ್ನೆಗಳಿಗೆ ಅವಕಾಶವಿರುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಲಭ್ಯ. ದೀರ್ಘವಾದ ಅಂಕಿಅಂಶಗಳು ಸಾಮಾನ್ಯವಾಗಿ ಎರಡನೆಯ ಬಗೆಯಲ್ಲಿ ಸಿಗುತ್ತವೆಯಾದರೂ ಅವುಗಳ ಅರ್ಥವನ್ನು ಕೆದಕುವ ಉಪಪ್ರಶ್ನೆ ಅಲ್ಲಿರುವುದಿಲ್ಲ.

ಕರ್ನಾಟಕ ವಿಧಾನಪರಿಷತ್ತಿನ ರಚನೆ ಈ ಸಂದರ್ಭದಲ್ಲಿ ಗಮನಾರ್ಹವಾದುದು. ಅದರ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಗೂ 7 ಶಿಕ್ಷಕರ ಕ್ಷೇತ್ರಗಳಿಗೂ ಮೀಸಲಾಗಿವೆ. ಹೀಗೆ ತರಬೇತಿ ಮತ್ತು ಸ್ಥಳೀಯ ಹಣಕಾಸು ಎರಡರ ಬಗೆಗೂ ಆಸಕ್ತಿಯುಳ್ಳ ಪ್ರತಿನಿಧಿಗಳು ಒಂದೇ ಸದನದಲ್ಲಿ ಕುಳಿತಿರುತ್ತಾರೆ. ಆದರೆ ಸಂವಿಧಾನದ 171ನೆಯ ಅನುಚ್ಛೇದದ ಪ್ರಕಾರ ಪ್ರೌಢಶಾಲೆಗಿಂತ ಕೆಳಗಿನ ದರ್ಜೆಯದಲ್ಲದ ಸಂಸ್ಥೆಗಳಲ್ಲಿ ಬೋಧಿಸುವವರಿಗೆ ಮಾತ್ರ ಶಿಕ್ಷಕರ ಕ್ಷೇತ್ರದಲ್ಲಿ ಮತದಾನದ ಹಕ್ಕು ಇದೆ. ಸೇವಾನಿರತ ತರಬೇತಿಯ ಬಹುಭಾಗವನ್ನು ಪಡೆಯುವ ಪ್ರಾಥಮಿಕ ಶಾಲಾ ಶಿಕ್ಷಕರು ಈ ಮತದಾರರ ಪಟ್ಟಿಯಿಂದ ಹೊರಗುಳಿಯುತ್ತಾರೆ. ಇನ್ನೊಂದೆಡೆ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿದಿತ್ತು. ಆದುದರಿಂದ 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಗೆ ಚುನಾವಣೆ ನಡೆದಾಗ ರಾಜಧಾನಿಯಲ್ಲಿ ಮತ ಹಾಕಲು ಪಾಲಿಕೆ ಸದಸ್ಯರೇ ಇರಲಿಲ್ಲ. ಪ್ರಶ್ನೆಯ ಹಿಂದಿರುವ ಒತ್ತಾಯ ಎಲ್ಲಿ ಕ್ಷೀಣಿಸುತ್ತದೆಯೆಂಬುದು ಈ ಎರಡು ಸಂಗತಿಗಳಿಂದ ವ್ಯಕ್ತವಾಗುತ್ತದೆ.

ತರಬೇತಿಯ ಎಣಿಕೆ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ರೂಢಿಯ ಮಾತಿನಲ್ಲಿ ಡಯಟ್‌ಗಳು, ಸ್ಥಾಪನೆಗೊಂಡವು. ಬೆಂಗಳೂರು ನಗರ ಜಿಲ್ಲೆಯ ಡಯಟ್ ರಾಜಾಜಿನಗರದಲ್ಲಿದೆ. ಪಶ್ಚಿಮ ಬೆಂಗಳೂರಿನ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ತರಬೇತಿಯೆಂಬುದು ಹೀಗೆ ನೆರೆಯಲ್ಲಿಯೇ ಇರುವ ಸಂಸ್ಥೆಯೊಂದರ ಕಾರ್ಯವಾಗಿದೆ.

ಉತ್ತರಗಳಲ್ಲಿ ಕಾಣುವ ಅಂಕಿಯ ಸ್ವರೂಪವನ್ನು ನಿರ್ಧರಿಸಿದುದು ಹಣ ಬಿಡುಗಡೆಯ ನಿಯಮ. 2000-01ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನದ ಮೂಲ ಮಾನದಂಡಗಳಂತೆ ಪ್ರತಿಯೊಬ್ಬ ಶಿಕ್ಷಕರಿಗೆ ವರ್ಷಕ್ಕೆ 20 ದಿನಗಳ ಸೇವಾನಿರತ ತರಬೇತಿ, ದಿನವೊಂದಕ್ಕೆ 70 ರೂಪಾಯಿ ವೆಚ್ಚ ಎಂದು ನಿಗದಿಯಾಗಿತ್ತು. ಎಂದರೆ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 1,400 ರೂಪಾಯಿ. ಹಣ ಬಿಡುಗಡೆಯಾಗುವುದು ದಿನ ಮತ್ತು ತಲೆಗಳ ಲೆಕ್ಕದಲ್ಲಿ. ಹಾಗಾಗಿ ಇಲಾಖೆ ಬರೆದಿಡುವುದೂ ದಿನ ಮತ್ತು ತಲೆಗಳನ್ನೇ. ಈ ಅಭಿಯಾನವು 2018-19ರಲ್ಲಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನಗೊಂಡ ಮೇಲೂ, 2019ರಲ್ಲಿ ನಿಷ್ಠಾ ಹೆಸರಿನ ರಾಷ್ಟ್ರವ್ಯಾಪಿ ತರಬೇತಿ ಬಂದ ಮೇಲೂ ‘ಎಷ್ಟು ಮಂದಿ ತರಬೇತಿ ಹೊಂದಿದ್ದಾರೆ’ ಎಂಬುದೇ ಲೆಕ್ಕದ ಮೊದಲ ಕಲಮಾಗಿ ಉಳಿಯಿತು.

ಇಲ್ಲಿ ಮೂರು ಎಚ್ಚರಗಳು ಅವಶ್ಯ. ಮೊದಲನೆಯದು, ಒಬ್ಬ ಶಿಕ್ಷಕರು ಒಂದೇ ವರ್ಷದಲ್ಲಿ ಮೂರು ತರಬೇತಿಗಳಿಗೆ ಹೋಗಿದ್ದರೆ ಅವರು ಒಂದು ಪಟ್ಟಿಯಲ್ಲಿ ಒಬ್ಬರಾಗಿಯೂ ಇನ್ನೊಂದರಲ್ಲಿ ಮೂವರಾಗಿಯೂ ಕಾಣಿಸಿಕೊಳ್ಳಬಹುದು. ಎರಡನೆಯದು, ತರಬೇತಿ ಪಡೆದವರು ವರ್ಗಾವಣೆಗೊಂಡಾಗ ಆ ಕಲಿಕೆಯೂ ಅವರೊಡನೆ ಬೇರೊಂದು ಶಾಲೆಗೆ ಹೋಗುತ್ತದೆ. ಜಿಲ್ಲೆಯ ಮೊತ್ತ ಮಾತ್ರ ಹಾಗೆಯೇ ಇರುತ್ತದೆ. ಮೂರನೆಯದು, ಎಣಿಕೆ ಮತ್ತು ಫಲಿತಾಂಶ ಒಂದೇ ಅಲ್ಲ. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಹಂತಗಳನ್ನು ಗುರುತಿಸಿದ್ದರು: ಭಾಗವಹಿಸಿದವರ ಪ್ರತಿಕ್ರಿಯೆ, ಅವರ ಕಲಿಕೆ, ಕೆಲಸದ ರೀತಿಯಲ್ಲಾದ ಬದಲಾವಣೆ ಹಾಗೂ ಅಂತಿಮ ಪರಿಣಾಮ. ಹಾಜರಾತಿಯ ಲೆಕ್ಕವು ಈ ನಾಲ್ಕರಲ್ಲಿ ಮೊದಲನೆಯ ಹಂತವನ್ನೂ ಮುಟ್ಟುವುದಿಲ್ಲ. ಇನ್ನು 2017 ಮತ್ತು 2021ರಲ್ಲಿ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಗಳು ಮಕ್ಕಳ ಕಲಿಕೆಯನ್ನು ಜಿಲ್ಲಾ ಮಟ್ಟದಲ್ಲಿ ಅಳೆದವು. ಅವು ಮಾದರಿ ಸಮೀಕ್ಷೆಗಳಾದುದರಿಂದ ಕೆಂಗೇರಿಯ ಒಂದು ಶಾಲೆಯ ಶಿಕ್ಷಕರು ಪಡೆದ ತರಬೇತಿಗೂ ಅಲ್ಲಿನ ಮಕ್ಕಳ ಓದಿಗೂ ಸಂಬಂಧ ಕಲ್ಪಿಸಲು ಅವು ನೆರವಾಗುವುದಿಲ್ಲ.

ಸ್ಥಳೀಯ ಸಂಸ್ಥೆಯ ಲೆಕ್ಕ

ಹಣಕಾಸಿನ ಉತ್ತರಗಳನ್ನು ಓದುವಾಗ ಬೇಡಿಕೆ, ವಸೂಲಿ ಮತ್ತು ಬಾಕಿ ಎಂಬ ಮೂರು ಕಲಮುಗಳನ್ನು ಪ್ರತ್ಯೇಕವಾಗಿ ನೋಡಬೇಕು. ಇವುಗಳ ಜೊತೆಗೆ, ಒಂದು ಸಂಸ್ಥೆ ವಸೂಲು ಮಾಡಿ ಇನ್ನೊಂದಕ್ಕೆ ಒಪ್ಪಿಸಬೇಕಾದ ಕರಗಳಲ್ಲಿ ‘ಸಂದಾಯ’ ಎಂಬ ನಾಲ್ಕನೆಯ ಕಲಮೂ ಇರಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಡಿ ಆಸ್ತಿ ತೆರಿಗೆಯ ಮೇಲೆ ಶೇ. 6ರ ದರದಲ್ಲಿ ವಿಧಿಸುವ ಗ್ರಂಥಾಲಯ ಕರ ಇದಕ್ಕೆ ತಕ್ಕ ಉದಾಹರಣೆ. ಬಸವೇಶ್ವರನಗರದ ಮನೆಯೊಂದಕ್ಕೆ 1,000 ರೂಪಾಯಿ ತೆರಿಗೆ ಬಿದ್ದರೆ ಅದರ ಮೇಲೆ 60 ರೂಪಾಯಿ ಗ್ರಂಥಾಲಯದ ಪಾಲು. ಇದನ್ನು ವಸೂಲು ಮಾಡುವುದು ಪಾಲಿಕೆ; ಪಡೆಯಬೇಕಾದುದು ಗ್ರಂಥಾಲಯ ಪ್ರಾಧಿಕಾರ. ‘ಎಷ್ಟು ವಸೂಲಾಗಿದೆ’ ಎಂದು ಮಾತ್ರ ಕೇಳಿದ ಪ್ರಶ್ನೆಗೆ ಬಂದ ಉತ್ತರ ಸತ್ಯವೇ ಆಗಿದ್ದರೂ ಗ್ರಂಥಾಲಯಕ್ಕೆ ಪುಸ್ತಕ ಬಂದಿತೋ ಇಲ್ಲವೋ ಎಂಬುದನ್ನು ಅದು ತಿಳಿಸದು.

ಇನ್ನೊಂದು ತೊಡಕು ಕಾಲಾನುಕ್ರಮದ್ದು. ಕೆಂಗೇರಿಯು 1964ರ ಪೌರಸಭೆಗಳ ಅಧಿನಿಯಮದಡಿಯ ಪುರಸಭೆಯಾಗಿತ್ತು. 2007ರ ಜನವರಿಯಲ್ಲಿ ಅದು 7 ನಗರಸಭೆಗಳು ಹಾಗೂ 110 ಗ್ರಾಮಗಳೊಡನೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿ 1976ರ ನಗರಪಾಲಿಕೆಗಳ ಅಧಿನಿಯಮದ ವ್ಯಾಪ್ತಿಗೆ ಬಂದಿತು. 2021ರಿಂದ ಪಾಲಿಕೆಗೆಂದೇ ರಚಿತವಾದ 2020ರ ಅಧಿನಿಯಮವೂ, 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮವೂ ಅನ್ವಯಿಸಿದವು. 20 ವರ್ಷಗಳೊಳಗೆ ಒಂದೇ ಊರಿನ ಲೆಕ್ಕ ನಾಲ್ಕು ಕಾನೂನುಗಳಡಿ ಹಾದುಬಂದಿದೆ. ವಾರ್ಡುಗಳೂ ಸ್ಥಿರವಾಗಿಲ್ಲ: ಹಳೆಯ ಮಹಾನಗರ ಪಾಲಿಕೆಯ 100 ವಾರ್ಡುಗಳು 2010ರ ಚುನಾವಣೆಯ ವೇಳೆಗೆ 198 ಆಗಿದ್ದವು. ತೆರಿಗೆ ನಿರ್ಧರಣೆಯೂ 2008-09ರಲ್ಲಿ ಘಟಕ ಪ್ರದೇಶ ಮೌಲ್ಯ ಪದ್ಧತಿಗೆ ಬದಲಾಯಿತು. ಈ ಗಡಿಗೆರೆಗಳನ್ನು ಗುರುತಿಸದೆ ಎರಡು ವರ್ಷಗಳ ಉತ್ತರಗಳನ್ನು ಅಕ್ಕಪಕ್ಕ ಇರಿಸಿದರೆ ಹೋಲಿಕೆ ತಪ್ಪುತ್ತದೆ.

ಈ ಬಗೆಯ ಲೆಕ್ಕವನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಪರಂಪರೆ ಪಶ್ಚಿಮ ಬೆಂಗಳೂರಿನಲ್ಲಿಯೇ ಬೆಳೆದುಬಂದಿದೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇರುವುದು ನಾಗರಭಾವಿಯಲ್ಲಿ. 1994ರಲ್ಲಿ ರಚಿತವಾದ ರಾಜ್ಯದ ಮೊದಲ ಹಣಕಾಸು ಆಯೋಗದ ಅಧ್ಯಕ್ಷತೆ ವಹಿಸಿದ್ದ ಜಿ. ತಿಮ್ಮಯ್ಯನವರು ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅರ್ಥಶಾಸ್ತ್ರಜ್ಞರು.

ಎರಡು ಉತ್ತರಗಳು ಕೂಡುವ ಸ್ಥಳ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳ ವಿಷಯಪಟ್ಟಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣವನ್ನು 17ನೆಯದಾಗಿ ಸ್ಪಷ್ಟವಾಗಿ ಹೆಸರಿಸಿದೆ. ನಗರ ಸಂಸ್ಥೆಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಶಾಲೆ ಎಂಬ ಪದವೇ ಇಲ್ಲ. ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳ ಪ್ರೋತ್ಸಾಹ ಎಂಬ 13ನೆಯ ಬಾಬು ಮಾತ್ರ ಇದೆ. ಗ್ರಾಮಾಂತರ ಪ್ರದೇಶದಲ್ಲಿ ಶಿಕ್ಷಕರ ವೇತನವು ಜಿಲ್ಲಾ ವಲಯದ ಲೆಕ್ಕದಲ್ಲಿ, ಆಯವ್ಯಯದೊಡನೆ ಬರುವ ಲಿಂಕ್ ಪುಸ್ತಕದಲ್ಲಿ ಕಾಣಸಿಗುತ್ತದೆ. ನಗರದ ಪಾಲಿಕೆಯ ಆಯವ್ಯಯವನ್ನು ಓದಿದವರಿಗೆ ಸಿಗುವುದು ಪಾಲಿಕೆಯೇ ನಡೆಸುವ ಶಾಲಾ ಕಾಲೇಜುಗಳ ವೆಚ್ಚವಷ್ಟೆ. ಅದೇ ವಾರ್ಡಿನ ಶಿಕ್ಷಣ ಇಲಾಖೆಯ ಶಾಲೆ ಅಲ್ಲಿ ಕಾಣುವುದಿಲ್ಲ.

ಆದರೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮವು ಬೇರೆಯದೇ ಮಾತನ್ನು ಹೇಳುತ್ತದೆ. ಶಿಕ್ಷಕರಿಗೆ ತರಬೇತಿ ಸೌಲಭ್ಯ ಒದಗಿಸುವ ಕರ್ತವ್ಯವನ್ನು ಅದರ 8ನೆಯ ಪ್ರಕರಣವು ಸರ್ಕಾರಕ್ಕೂ 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೂ ವಿಧಿಸಿದೆ. ಪ್ರಾಧಿಕಾರದ ವ್ಯಾಖ್ಯೆಯಲ್ಲಿ ನಗರಪಾಲಿಕೆಯೂ ಸೇರಿದೆ. ಹೀಗೆ ಕರ್ತವ್ಯ ಇಬ್ಬರದು, ಹಣ ಬಹುಮಟ್ಟಿಗೆ ಒಬ್ಬರ ಕೈಯಲ್ಲಿ, ಉತ್ತರ ಇಬ್ಬರಿಂದ ಪ್ರತ್ಯೇಕವಾಗಿ. ಇದರ ಪರಿಣಾಮವೆಂದರೆ, ವಿಜಯನಗರದ ಪೋಷಕರೊಬ್ಬರು ತಮ್ಮ ಮಗುವಿನ ಶಿಕ್ಷಕರ ತರಬೇತಿಗೆ ಯಾರು ಹೊಣೆ ಎಂದು ಕೇಳಿದರೆ ಎರಡೂ ಉತ್ತರಗಳು ಸರಿಯಾಗಿದ್ದೂ ಹೊಣೆ ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ.

ಭೌಗೋಳಿಕ ಘಟಕಗಳೂ ಹೊಂದುವುದಿಲ್ಲ. ಶಿಕ್ಷಣ ಇಲಾಖೆ ಬೆಂಗಳೂರು ನಗರ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ನೋಡುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಸ್ತಿತ್ವಕ್ಕೆ ಬಂದ ಐದು ನಗರಪಾಲಿಕೆಗಳಲ್ಲಿ ಬೆಂಗಳೂರು ಪಶ್ಚಿಮವೂ ಒಂದು. ತೆರಿಗೆಯ ಉತ್ತರ ‘ಪಶ್ಚಿಮ’ಕ್ಕೆ ದೊರೆತರೆ ತರಬೇತಿಯ ಉತ್ತರ ‘ಉತ್ತರ’ ಅಥವಾ ‘ದಕ್ಷಿಣ’ಕ್ಕೆ ದೊರೆಯುತ್ತದೆ.

ಈ ಎರಡನ್ನೂ ಬೆಸೆಯಬಲ್ಲ ಸಾಧನ ಈಗಾಗಲೇ ಇದೆ. ಪ್ರತಿ ಶಾಲೆಗೂ ಯು-ಡೈಸ್ ವ್ಯವಸ್ಥೆಯಲ್ಲಿ 11 ಅಂಕಿಗಳ ಸಂಕೇತವಿದೆ. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು (ಕರ್ನಾಟಕಕ್ಕೆ 29), ಮುಂದಿನವು ಕ್ರಮವಾಗಿ ಜಿಲ್ಲೆ, ಬ್ಲಾಕ್, ಗ್ರಾಮ ಅಥವಾ ವಾರ್ಡ್ ಮತ್ತು ಶಾಲೆಯನ್ನು ಸೂಚಿಸುತ್ತವೆ. ತರಬೇತಿಯ ಅನುಬಂಧವನ್ನೂ ಪಾಲಿಕೆಯ ಶಾಲಾ ವೆಚ್ಚದ ಅನುಬಂಧವನ್ನೂ ಈ ಸಂಕೇತದ ಆಧಾರದಲ್ಲಿ ಒದಗಿಸುವಂತೆ ಪ್ರಶ್ನೆಯಲ್ಲಿಯೇ ಕೋರಿದಲ್ಲಿ, ವಾರ್ಡುಗಳ ಹೆಸರು ಬದಲಾದರೂ ಶಾಲೆಯ ಜಾಡು ತಪ್ಪುವುದಿಲ್ಲ.

ಸಮಾರೋಪ

ಉತ್ತರವು ಪ್ರಶ್ನೆಯ ಅಳತೆಯನ್ನು ಮೀರಿ ಬೆಳೆಯುವುದು ಅಪರೂಪ. ‘ಎಷ್ಟು ಮಂದಿಗೆ’ ಎಂದು ಕೇಳಿದರೆ ಸಂಖ್ಯೆಯೂ, ‘ಎಷ್ಟು ಬಿಡುಗಡೆ’ ಎಂದು ಕೇಳಿದರೆ ಮೊತ್ತವೂ ಬರುತ್ತದೆ. ಯಾವ ಶಾಲೆಯ ಯಾವ ತರಗತಿಯ ಬೋಧನೆ ಬದಲಾಯಿತು, ಅದಕ್ಕೆ ಯಾರ ಹಣ ಸಂದಿತು ಎಂದು ಒಟ್ಟಿಗೆ ಕೇಳಿದಾಗ ಮಾತ್ರ ಎರಡು ಇಲಾಖೆಗಳ ಲೆಕ್ಕ ಒಂದೆಡೆ ಸೇರಲು ಸಾಧ್ಯ. ಸಂಶೋಧಕರು ಉತ್ತರದ ದಿನಾಂಕ, ಭೌಗೋಳಿಕ ಘಟಕ ಮತ್ತು ಎಣಿಕೆಯ ಘಟಕಗಳನ್ನು ಮೊದಲು ಗುರುತಿಸಿಕೊಳ್ಳಬೇಕು. ಗ್ರಂಥಾಲಯಗಳು ಉತ್ತರಗಳನ್ನು ಅವುಗಳ ಅನುಬಂಧಗಳೊಡನೆಯೇ ಸಂರಕ್ಷಿಸಬೇಕು. ಅನುಬಂಧ ಕಳೆದುಹೋದ ಉತ್ತರದಲ್ಲಿ ಉಳಿಯುವುದು ಒಕ್ಕಣೆ ಮಾತ್ರ. ಶಾಲೆಯ ಹೆಸರು ಇರುವುದು ಅನುಬಂಧದಲ್ಲಿ.