ಓದುವವರೂ ಹೌದು, ದುಡಿಯುವವರೂ ಹೌದು

‘ಮಗನಿಗೆ ಅಮೇರಿಕದಲ್ಲಿ ಪಿಎಚ್.ಡಿ.ಗೆ ಸ್ಥಾನ ದೊರಕಿದೆ. ಶುಲ್ಕವಿಲ್ಲ, ಮೇಲಾಗಿ ಅವರೇ ತಿಂಗಳಿಗಿಷ್ಟು ಹಣ ಕೊಡುತ್ತಾರಂತೆ’ ಎಂಬ ಮಾತು ಇಂದು ನಮ್ಮ ಅನೇಕ ಮನೆಗಳಲ್ಲಿ ಅಭಿಮಾನದಿಂದ ಕೇಳಿಬರುತ್ತದೆ. ಅಭಿಮಾನ ಸಹಜವಾದುದೇ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಆ ಹಣವು ದಾನವಲ್ಲ, ಬಹುಮಾನವೂ ಅಲ್ಲ. ಅದು ದುಡಿಮೆಗೆ ಸಲ್ಲುವ ಸಂಬಳ. ಆ ದುಡಿಮೆ ಎಂಥದು, ಸಂಬಳ ಎಷ್ಟು ಎಂಬುದನ್ನು ಪಾಲಕರು ಅರಿತಿರುವುದು ಅವಶ್ಯ.

ದುಡಿಮೆಯ ಸ್ವರೂಪ

ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕೆಲವು ತರಗತಿಗಳಿಗೆ ನೂರಾರು ವಿದ್ಯಾರ್ಥಿಗಳಿರುತ್ತಾರೆ. ಪ್ರಾಧ್ಯಾಪಕರು ಉಪನ್ಯಾಸ ನೀಡುತ್ತಾರೆ. ವಿದ್ಯಾರ್ಥಿಗಳನ್ನು ಚಿಕ್ಕ ಗುಂಪುಗಳಲ್ಲಿ ಕೂಡಿಸಿ ಪಾಠವನ್ನು ಬಿಡಿಸಿ ಹೇಳುವುದು, ಪ್ರಯೋಗಗಳನ್ನು ಮಾಡಿಸುವುದು, ಉತ್ತರಪತ್ರಿಕೆಗಳನ್ನು ತಿದ್ದುವುದು ‘ಬೋಧನಾ ಸಹಾಯಕ’ರಾದ ಸಂಶೋಧನ ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಇನ್ನು ಕೆಲವರು ಮಾರ್ಗದರ್ಶಕರ ಪ್ರಯೋಗಶಾಲೆಯಲ್ಲಿ ‘ಸಂಶೋಧನ ಸಹಾಯಕ’ರಾಗಿ ದುಡಿಯುತ್ತಾರೆ.

ಕಾಗದದ ಮೇಲೆ ಈ ಕೆಲಸ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪಾಠದ ಅವಧಿಯಲ್ಲಿ ವಿಶ್ವವಿದ್ಯಾಲಯದೊಳಗೆ ಅದಕ್ಕಿಂತ ಹೆಚ್ಚು ದುಡಿಯಲು ಕಾನೂನಿನ ಅನುಮತಿಯೂ ಇಲ್ಲ. ಆದರೆ ತನ್ನ ಪ್ರಬಂಧದ ಕೆಲಸ ಎಲ್ಲಿ ಮುಗಿಯಿತು, ಮಾರ್ಗದರ್ಶಕರ ಕೆಲಸ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಠಿಣ. ಪದವಿಗೆ ಒಪ್ಪಿಗೆ ಕೊಡುವವರೂ ಮುಂದಿನ ಉದ್ಯೋಗಕ್ಕೆ ಶಿಫಾರಸು ಬರೆಯುವವರೂ ಅದೇ ಮಾರ್ಗದರ್ಶಕರಾದ ಕಾರಣ, ಕೆಲಸ ಹೆಚ್ಚಾಯಿತೆಂದು ಬಾಯಿಬಿಟ್ಟು ಹೇಳುವವರು ವಿರಳ.

ಹೋರಾಟದ ಹಾದಿ

ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೋಧನಾ ಸಹಾಯಕರು 1966ರಲ್ಲಿ ಸಂಘ ಕಟ್ಟಿ, 1970ರಲ್ಲಿ ಮುಷ್ಕರ ಹೂಡಿ, ಲಿಖಿತ ಒಪ್ಪಂದವನ್ನು ಪಡೆದರು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ‘ಇವರು ವಿದ್ಯಾರ್ಥಿಗಳೋ, ಕೆಲಸಗಾರರೋ?’ ಎಂಬ ವಾದವೇ ಬಹುಕಾಲ ನಡೆಯಿತು. ಅಲ್ಲಿಯ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯು 2000ದಲ್ಲಿ ಇವರು ಕೆಲಸಗಾರರೆಂದಿತು, 2004ರಲ್ಲಿ ಅಲ್ಲವೆಂದಿತು, 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ಹೌದೆಂದಿತು.

2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತು ಕೇಂದ್ರಗಳಲ್ಲಿ ಸುಮಾರು 48,000 ಮಂದಿ ಬೋಧನೆ ಮತ್ತು ಸಂಶೋಧನೆಯ ಕೆಲಸಗಾರರು ಮುಷ್ಕರ ಹೂಡಿದರು. ಮನೆ ಬಾಡಿಗೆಗೇ ಸಂಬಳದ ದೊಡ್ಡ ಪಾಲು ಹೋಗುತ್ತದೆಂಬುದು ಅವರ ಮುಖ್ಯ ದೂರು. ಪರೀಕ್ಷೆಯ ಕಾಲವಾದುದರಿಂದ ಉತ್ತರಪತ್ರಿಕೆಗಳು ತಿದ್ದುವವರಿಲ್ಲದೆ ಉಳಿದವು. ಆರು ವಾರಗಳ ತರುವಾಯ ಒಪ್ಪಂದವಾಯಿತು. ಒಂಬತ್ತು ತಿಂಗಳ ಅರ್ಧಕಾಲಿಕ ಬೋಧನೆಗೆ ಸುಮಾರು 23 ಸಾವಿರ ಡಾಲರಿದ್ದ ಕನಿಷ್ಠ ಸಂಬಳವನ್ನು 2024ರ ಅಕ್ಟೋಬರ್ ಹೊತ್ತಿಗೆ 34 ಸಾವಿರಕ್ಕೆ ಏರಿಸುವುದೆಂದು ನಿಶ್ಚಯವಾಯಿತು.

ಯಾರ ಮನೆಯ ಮಕ್ಕಳು?

ಸಂಬಳದ ಪ್ರಶ್ನೆಯ ಹಿಂದೆ ಇನ್ನೂ ಆಳವಾದ ಪ್ರಶ್ನೆಯೊಂದಿದೆ. ಬೇಸಿಗೆಯ ಮೂರು ತಿಂಗಳು ಸಂಬಳವಿಲ್ಲದಾಗ, ಬಾಡಿಗೆ ಮನೆಗೆ ಮುಂಗಡ ಕೊಡಬೇಕಾದಾಗ, ಸಮ್ಮೇಳನಕ್ಕೆ ಕೈಯಿಂದ ವೆಚ್ಚಮಾಡಿ ಆಮೇಲೆ ಹಣಕ್ಕಾಗಿ ಕಾಯಬೇಕಾದಾಗ, ಉಳ್ಳವರ ಮಕ್ಕಳಿಗೆ ಮನೆಯ ಆಸರೆ ಇರುತ್ತದೆ. ಇಲ್ಲದವರು ಸಾಲ ಮಾಡುತ್ತಾರೆ, ಇಲ್ಲವೆ ಓದನ್ನು ಅರ್ಧಕ್ಕೆ ಬಿಟ್ಟು ಉದ್ಯೋಗ ಹಿಡಿಯುತ್ತಾರೆ. ಅಮೇರಿಕದ ಏಳು ಸಾವಿರಕ್ಕೂ ಹೆಚ್ಚು ಅಧ್ಯಾಪಕರನ್ನು ವಿಚಾರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜನಸಾಮಾನ್ಯರಿಗೆ ಹೋಲಿಸಿದರೆ ಅವರ ತಂದೆ ಅಥವಾ ತಾಯಿ ಪಿಎಚ್.ಡಿ. ಪಡೆದಿರುವ ಸಂಭವ 25 ಪಟ್ಟಿನವರೆಗೂ ಹೆಚ್ಚೆಂದು ತೋರಿಸಿತು. ಜ್ಞಾನದ ಪೀಠವೂ ಮನೆತನದ ಆಸ್ತಿಯಂತೆ ಇಳಿದುಬರುವುದು ಯಾವ ಸಮಾಜಕ್ಕೂ ಶೋಭಿಸದು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000 ರೂಪಾಯಿ ಗೊತ್ತುಪಡಿಸಲಾಯಿತು. ಅದು ದೊರೆಯದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬರುತ್ತಿದ್ದುದು 8,000 ರೂಪಾಯಿ ಮಾತ್ರ. 2015ರಲ್ಲಿ ಅದನ್ನೂ ನಿಲ್ಲಿಸಲು ಯು.ಜಿ.ಸಿ. ಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು.

ಪಾಲಕರ ಕರ್ತವ್ಯ

ಮಕ್ಕಳಿಗೆ ಬಂದ ನೇಮಕಪತ್ರವನ್ನು ಅವರೊಡನೆ ಕುಳಿತು ಓದಿರಿ. ಸಂಬಳ ಒಂಬತ್ತು ತಿಂಗಳಿಗೋ, ಹನ್ನೆರಡಕ್ಕೋ? ಎಷ್ಟು ವರ್ಷಕ್ಕೆ ಭರವಸೆಯಿದೆ? ಬೋಧನಾ ಶುಲ್ಕದ ಜೊತೆಗೆ ಇತರ ಶುಲ್ಕಗಳೂ ಮಾಫಿಯೇ? ಆರೋಗ್ಯ ವಿಮೆಯಿದೆಯೇ? ಆ ಊರಿನ ಬಾಡಿಗೆ ಎಷ್ಟು? ಇವನ್ನೆಲ್ಲ ಮೊದಲೇ ತಿಳಿದಿದ್ದರೆ ಪರದೇಶದಲ್ಲಿ ಕಂಗೆಡುವ ಪ್ರಸಂಗ ಬಾರದು. ‘ನಿನ್ನ ಓರಗೆಯವರು ಲಕ್ಷಗಟ್ಟಲೆ ಗಳಿಸುತ್ತಿದ್ದಾರೆ’ ಎಂದು ಸಂಶೋಧನೆಗೆ ಕುಳಿತ ಮಗಳನ್ನಾಗಲಿ ಮಗನನ್ನಾಗಲಿ ನೋಯಿಸದಿರಿ.

ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಹಳ್ಳಿಯ ಬಡ ರೈತರ ಮಕ್ಕಳು ಪದವೀಧರರಾದುದನ್ನು ನಮ್ಮ ನಾಡು ಕಂಡಿದೆ. ಅನ್ನ ಮತ್ತು ಆಸರೆ ದೊರೆತರೆ ಬಡವರ ಮಗುವೂ ಮುಂದೆ ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದೇ ಆಸರೆಯನ್ನು ಸಂಶೋಧನೆಯ ಮೆಟ್ಟಿಲವರೆಗೂ ಮುಟ್ಟಿಸುವುದು ಸರಕಾರದ, ಸಂಸ್ಥೆಗಳ ಹಾಗೂ ಉಳ್ಳವರ ಹೊಣೆಯಾಗಿದೆ.