ಕಾಗದದ ಹುಲಿ, ನೆರಳಿನಂತಹ ಚಿರತೆ

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಬೀದಿಯ ಹೆಂಗಸರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಚಿತ್ರ ಬಂತು. ಡಾಂಬರು ರಸ್ತೆ, ರಸ್ತೆಯ ನಡುವೆ ಕಣ್ಣು ಹೊಳೆಯುತ್ತಿರುವ ಚಿರತೆ. "ನಮ್ಮ ಶಾಲೆಯ ಹಿಂದಿನ ತೋಟದ ಹತ್ತಿರ, ಈಗಷ್ಟೇ" ಎಂದು ಕೆಳಗೆ ಬರೆದಿತ್ತು. ನಾನು ಹಿಂದೆಮುಂದೆ ನೋಡದೆ ನಾಲ್ಕು ಕಡೆ ಕಳಿಸಿಬಿಟ್ಟೆ. ಮರುದಿನ ಮಕ್ಕಳು ಮದ್ರಸಕ್ಕೆ ಹೋಗಲಿಲ್ಲ. ಅದಾದರೂ ಇರಲಿ, ತೋಟದ ಕೆಲಸಕ್ಕೆ ಹೋಗುವ ನಾಲ್ಕೈದು ಮಂದಿ ಹೆಂಗಸರು ಮೂರು ದಿನ ಮನೆಯಲ್ಲೇ ಕುಳಿತರು. ಮೂರು ದಿನದ ಕೂಲಿ ಹೋಯಿತು. ನಾಲ್ಕನೆಯ ದಿನ ಪಕ್ಕದ ಮನೆಯ ಕಾಲೇಜು ಹುಡುಗಿ ಆ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ರಸ್ತೆ ಬದಿಯ ಮೈಲುಗಲ್ಲಿನ ಮೇಲೆ ದೇವನಾಗರಿ ಅಕ್ಷರಗಳು! ಚಿರತೆ ನಿಜ, ಊರು ಸುಳ್ಳು.

ಆ ಹೆಂಗಸರ ಮುಖ ನೋಡಲು ನನಗೆ ನಾಚಿಕೆಯಾಯಿತು. ಆಮೇಲೆ ಇಂತಹ ಚಿತ್ರಗಳ ಬಗ್ಗೆ ಹುಡುಕಿ ಓದತೊಡಗಿದೆ. ಓದಿದಂತೆಲ್ಲ ಸ್ವಲ್ಪ ಸಮಾಧಾನವೂ ಆಯಿತೆನ್ನಿ. ಏಕೆಂದರೆ ಮೋಸ ಹೋದವರ ಸಾಲಿನಲ್ಲಿ ಸರಕಾರಿ ಇಲಾಖೆಗಳೂ ಇವೆ, ಲಂಡನ್ನಿನ ತೀರ್ಪುಗಾರರೂ ಇದ್ದಾರೆ.

2001ರ ಸುಮಾರಿಗೆ ಇ-ಮೇಲ್ ನೋಡುವ ಅಭ್ಯಾಸ ನಿಮ್ಮ ಮನೆಯಲ್ಲಿ ಇದ್ದಿದ್ದರೆ ಈ ಚಿತ್ರ ನಿಮಗೆ ನೆನಪಿರಬಹುದು. ಹೆಲಿಕಾಪ್ಟರಿನಿಂದ ಏಣಿಗೆ ಜೋತುಬಿದ್ದ ಯೋಧ, ಅವನನ್ನು ನುಂಗಲು ನೀರಿನಿಂದ ಮೇಲಕ್ಕೆ ಜಿಗಿದ ದೈತ್ಯ ಶಾರ್ಕ್. ದಕ್ಷಿಣ ಆಫ್ರಿಕದ ಕಡಲಲ್ಲಿ ಬ್ರಿಟಿಷ್ ನೌಕಾಪಡೆಯ ತಾಲೀಮಿನ ವೇಳೆ ತೆಗೆದದ್ದು, ವರ್ಷದ ಶ್ರೇಷ್ಠ ಚಿತ್ರವೆಂದು ಹೆಸರಿಸಲ್ಪಟ್ಟಿದೆ ಎಂಬ ಒಕ್ಕಣೆ ಬೇರೆ. ನಿಜವೇನೆಂದರೆ, ಹೆಲಿಕಾಪ್ಟರ್ ಅಮೆರಿಕದ ವಾಯುಪಡೆಯದು, ಅದರ ಚಿತ್ರ ತೆಗೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಬಳಿ. ಶಾರ್ಕ್ ಮಾತ್ರ ದಕ್ಷಿಣ ಆಫ್ರಿಕದ್ದು. ಎರಡು ಒಳ್ಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಯಾರೋ ಅಂಟಿಸಿಬಿಟ್ಟಿದ್ದರು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಚೀನಾದ ಹುಲಿಯ ಕಥೆ. ದಕ್ಷಿಣ ಚೀನಾದ ಹುಲಿ ಎಂಬ ತಳಿ ಕಾಡಿನಲ್ಲಿ ದಶಕಗಳಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಶಾಂಕ್ಸಿ ಪ್ರಾಂತದ ಝೌ ಝೆಂಗ್‌ಲಾಂಗ್ ಎಂಬ ರೈತ, ತಾನು ಕಾಡಿನಲ್ಲಿ ಅದನ್ನು ಕಂಡೆ ಎಂದು 71 ಚಿತ್ರಗಳನ್ನು ತಂದ. ಪ್ರಾಂತದ ಅರಣ್ಯ ಇಲಾಖೆ ಪತ್ರಿಕಾಗೋಷ್ಠಿ ಕರೆದು ಸಂಭ್ರಮದಿಂದ ಘೋಷಿಸಿತು. ಅವನಿಗೆ 20,000 ಯುವಾನ್ ಬಹುಮಾನವೂ ಸಿಕ್ಕಿತು.

ಹುಲಿ ಬಹಳ ಚೆನ್ನಾಗಿಯೇ ಇತ್ತು. ಹಸಿರೆಲೆಗಳ ನಡುವೆ ನೇರವಾಗಿ ನಿಮ್ಮನ್ನೇ ನೋಡುತ್ತಿತ್ತು. ಸಂಶಯ ಬಂದದ್ದು ಎಲೆಗಳಿಂದ. ಚೀನೀ ವಿಜ್ಞಾನ ಅಕಾಡೆಮಿಯ ಸಸ್ಯ ವಿಜ್ಞಾನಿ ಫು ದೆಝಿ ಎಂಬವರು ಎಲೆಯ ಗಾತ್ರಕ್ಕೂ ಹುಲಿಯ ಗಾತ್ರಕ್ಕೂ ತಾಳೆಯಾಗುವುದಿಲ್ಲ ಎಂದರು. ಎಲೆಗಳ ಲೆಕ್ಕ ಹಿಡಿದರೆ ಹುಲಿ ತೀರಾ ಪುಟ್ಟದು! ಇನ್ನು ಕೆಲವರು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಕ್ಯಾಮೆರಾದ ಜಾಗ ಬದಲಾಗುತ್ತದೆ, ಬೆಳಕು ಬದಲಾಗುತ್ತದೆ, ಹುಲಿ ಮಾತ್ರ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಕಾಡುಪ್ರಾಣಿ ಹೋಗಲಿ, ನಮ್ಮ ಮನೆಯ ಬೆಕ್ಕಾದರೂ ಅಷ್ಟು ಹೊತ್ತು ಹಾಗೆ ಕುಳಿತೀತೇ?

ಒಂದೇ ತಿಂಗಳಲ್ಲಿ ಉತ್ತರ ಸಿಕ್ಕಿತು. ಸಿಚುವಾನ್ ಪ್ರಾಂತದ ಒಬ್ಬ ವ್ಯಕ್ತಿ ತನ್ನ ಮನೆಯ ಗೋಡೆಯ ಮೇಲಿದ್ದ ಹಳೆಯ ಹೊಸವರ್ಷದ ಚಿತ್ರಪಟವನ್ನು ತೋರಿಸಿದ. ಅದೇ ಹುಲಿ, ಅದೇ ಪಟ್ಟೆ. ಹುಲಿಯ ಪಟ್ಟೆಗಳೆಂದರೆ ನಮ್ಮ ಬೆರಳಚ್ಚಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ಎಣಿಸಿದ್ದು ಇದೇ ಪಟ್ಟೆಗಳ ಆಧಾರದಲ್ಲಿ. ಅದೇ ಪಟ್ಟೆ ಚೀನಾದ ಕಾಗದದ ಹುಲಿಯ ಗುಟ್ಟನ್ನು ರಟ್ಟು ಮಾಡಿತು. ಹಿಮದಲ್ಲಿ ಹೆಜ್ಜೆ ಗುರುತು ಮೂಡಿಸಲು ಮರದ ಪಂಜವನ್ನೂ ಆತ ಮಾಡಿಸಿಕೊಂಡಿದ್ದನಂತೆ. 2008ರ ಜೂನ್‌ನಲ್ಲಿ ಚಿತ್ರಗಳು ನಕಲಿ ಎಂದು ಸರಕಾರವೇ ಒಪ್ಪಿತು. 13 ಮಂದಿ ಅಧಿಕಾರಿಗಳ ಮೇಲೆ ಕ್ರಮ ಜರುಗಿತು. ರೈತನಿಗೆ ಶಿಕ್ಷೆಯಾಯಿತು. ನನಗನಿಸುವುದು, ಅಧಿಕಾರಿಗಳು ಕುರುಡರಾಗಿರಲಿಲ್ಲ. ಹುಲಿ ಇರಲಿ ಎಂದು ಅವರಿಗೆ ಬಹಳ ಆಸೆಯಿತ್ತು. ನನಗೆ ಚಿರತೆಯ ಭಯವಿತ್ತು, ಅಷ್ಟೇ ವ್ಯತ್ಯಾಸ.

ಇನ್ನು ಕಂಪ್ಯೂಟರ್ ಮುಟ್ಟದೆಯೂ ಸುಳ್ಳು ಹೇಳಬಹುದು ಎಂಬುದು ನಿಮಗೆ ಗೊತ್ತೇ? ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರತಿವರ್ಷ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆ ನಡೆಸುತ್ತದೆ. 2009ರಲ್ಲಿ ಮೊದಲ ಬಹುಮಾನ ಪಡೆದದ್ದು ಇರುಳಲ್ಲಿ ಗೇಟು ಹಾರುತ್ತಿರುವ ಸ್ಪೇನಿನ ತೋಳ. ಕಂಬಿಗಳ ನಡುವೆ ನುಸುಳಿ ಹೋಗಬಹುದಾದ ಕಾಡು ತೋಳ ಹಾರುವುದೇಕೆ ಎಂದು ಸ್ಪೇನಿನವರೇ ಕೇಳಿದರು. ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚೆಂದು ತೀರ್ಪುಗಾರರು 2010ರ ಜನವರಿಯಲ್ಲಿ ಬಹುಮಾನ ಹಿಂತೆಗೆದುಕೊಂಡರು. ಛಾಯಾಗ್ರಾಹಕ ಅದನ್ನು ಒಪ್ಪಲಿಲ್ಲ. 2018ರಲ್ಲಿ ಅದೇ ಸ್ಪರ್ಧೆಯ ಇನ್ನೊಂದು ಚಿತ್ರ ಅನರ್ಹವಾಯಿತು. ಬ್ರೆಜಿಲ್‌ನಲ್ಲಿ ಹೊಳೆಯುವ ಗೆದ್ದಲು ಹುತ್ತದ ಬಳಿ ನಿಂತ ಇರುವೆಭಕ್ಷಕ. ಅದು ಉದ್ಯಾನವನದ ಪ್ರವಾಸಿ ಕೇಂದ್ರದಲ್ಲಿದ್ದ, ಹೊಟ್ಟು ತುಂಬಿದ ಸತ್ತ ಪ್ರಾಣಿಯೆಂದು ತಜ್ಞರು ರೋಮದ ಗುರುತುಗಳನ್ನು ಹೋಲಿಸಿ ಹೇಳಿದರು. ಈ ಛಾಯಾಗ್ರಾಹಕನೂ ಆರೋಪವನ್ನು ನಿರಾಕರಿಸಿದ. ಅದರ ಹಿಂದಿನ ಮುಂದಿನ ಚಿತ್ರಗಳನ್ನು ಕೇಳಿದಾಗ ಕೊಟ್ಟ, ಆದರೆ ಅವುಗಳಲ್ಲಿ ಪ್ರಾಣಿಯೇ ಇರಲಿಲ್ಲ!

ಹಾಗೆಂದು ಎಲ್ಲವನ್ನೂ ಸುಳ್ಳೆನ್ನುವ ಚಟವೂ ಒಳ್ಳೆಯದಲ್ಲ. 2020ರಲ್ಲಿ ಕಬಿನಿ ಕಾಡಿನ ಒಂದು ಚಿತ್ರ ಎಲ್ಲೆಡೆ ಹರಿದಾಡಿತು. ಚುಕ್ಕೆ ಚಿರತೆಯೊಂದು ನಿಂತಿದೆ, ಅದರ ಬೆನ್ನಿಗೇ ಅದರ ನೆರಳೋ ಎಂಬಂತೆ ಕರಿ ಚಿರತೆ. ನಾನು ಮೊದಲು ನೋಡಿದಾಗ ಕಂಪ್ಯೂಟರಿನ ಕೈಚಳಕವೆಂದೇ ತಿಳಿದೆ. ಆದರೆ ಅದು ನಿಜ. ಚಿತ್ರ ತೆಗೆದ ಮಿಥುನ್ ಎಚ್. ಒಂದೇ ಜಾಗದಲ್ಲಿ 6 ದಿನ ಕಾದಿದ್ದರು. ತೆಗೆದವರ ಹೆಸರಿದೆ, ಜಾಗವಿದೆ, ಆ ಕರಿ ಚಿರತೆಯನ್ನು ಬೇರೆಯವರೂ ಕಂಡಿದ್ದಾರೆ, ಚಿತ್ರ ತೆಗೆದಿದ್ದಾರೆ. ಕರಿ ಚಿರತೆ ಬೇರೆ ಜಾತಿಯೇನಲ್ಲ. ಚರ್ಮದ ಕಪ್ಪು ಬಣ್ಣ ಹೆಚ್ಚಾಗಿ ಹುಟ್ಟಿದ ಸಾಮಾನ್ಯ ಚಿರತೆಯೇ. ಒಳ್ಳೆಯ ಬೆಳಕಿನಲ್ಲಿ ಅದರ ಮೈಮೇಲೂ ಚುಕ್ಕೆಗಳು ಕಾಣುತ್ತವೆ.

ಹಾಗಾದರೆ ಮನೆಯಲ್ಲಿ ಕುಳಿತ ನಾವು ಏನು ಮಾಡಬಹುದು? ಪ್ರಾಣಿಯನ್ನು ಬಿಟ್ಟು ಅದರ ಸುತ್ತ ನೋಡಿ ಎನ್ನುತ್ತೇನೆ. ಎಲೆ, ಕಲ್ಲು, ಫಲಕದ ಅಕ್ಷರ, ನೆರಳು ಬಿದ್ದ ದಿಕ್ಕು. ನಿಮ್ಮ ಫೋನಿನಲ್ಲಿ ಗೂಗಲ್ ಲೆನ್ಸ್ ಇದ್ದರೆ ಚಿತ್ರ ಹಳೆಯದೇ ಎಂದು ಹುಡುಕಬಹುದು. ನಮ್ಮ ಮೈಲುಗಲ್ಲಿನ ಚಿರತೆಯನ್ನು ಹೀಗೆ ಹುಡುಕಿದ್ದರೆ ಎರಡು ನಿಮಿಷದ ಕೆಲಸವಾಗಿತ್ತೋ ಏನೋ. ಆದರೆ ಕೃತಕ ಬುದ್ಧಿಮತ್ತೆಯಿಂದ ಹೊಸದಾಗಿ ಮಾಡಿದ ಚಿತ್ರಕ್ಕೆ ಹುಡುಕಲು ಮೂಲವೇ ಇರುವುದಿಲ್ಲ. ಕಾಲ್ಬೆರಳು, ಮೀಸೆ, ಹಿನ್ನೆಲೆಯ ಬರಹ ಇವುಗಳಲ್ಲಿ ಅದು ಎಡವುತ್ತಿತ್ತು, ಈಗೀಗ ಅದೂ ಕಡಿಮೆಯಾಗುತ್ತಿದೆ. ಕಣ್ಣನ್ನೇ ನಂಬಿ ಕೂರುವ ಕಾಲ ಮುಗಿಯಿತು. ಯಾರು ತೆಗೆದರು, ಎಲ್ಲಿ, ಯಾವಾಗ, ಜೊತೆಗಿನ ಚಿತ್ರಗಳೆಲ್ಲಿ ಎಂದು ಕೇಳಬೇಕು. "ಯಾರೋ ಕಳಿಸಿದ್ದು" ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಊರಿಗೆ ಚಿರತೆ ಬಂದಿದೆಯೆಂಬ ಸುದ್ದಿಯಾದರೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಹೆಜ್ಜೆ ಗುರುತು ನೋಡುತ್ತಾರೆ, ಬೇಕಾದರೆ ಕ್ಯಾಮೆರಾ ಇಡುತ್ತಾರೆ.

ಮೊನ್ನೆ ಕಬಿನಿಯ ಆ ಚಿತ್ರವನ್ನು ನಮ್ಮ ಗುಂಪಿಗೆ ಹಾಕಿದೆ. ತೆಗೆದವರ ಹೆಸರು, ಜಾಗ, ವರ್ಷ ಎಲ್ಲವನ್ನೂ ಬರೆದೇ ಹಾಕಿದೆ. ಕೂಲಿ ಕಳೆದುಕೊಂಡಿದ್ದ ಹೆಂಗಸರಲ್ಲಿ ಒಬ್ಬಾಕೆ ಕೂಡಲೇ ಫೋನ್ ಮಾಡಿದಳು. "ಚಂದ ಇದೆ ಅಕ್ಕಾ. ಇದು ನಮ್ಮ ಊರಲ್ಲ ತಾನೆ?"